ಹೆಂಗಸರ ತಕ್ಕಡಿಯಲ್ಲಿ ಅಧ್ಯಕ್ಷ ಪದವಿ

ಕುಮಟಾದಿಂದ ಹೊನ್ನಾವರದ ಕಡೆಗೆ ಹೆದ್ದಾರಿಯಲ್ಲಿ ಹೊರಟರೆ ಧಾರೇಶ್ವರ ಸಿಗುತ್ತದೆ. ರಾವಣನ ಆತ್ಮಲಿಂಗದ ಕಥೆ ಬಲ್ಲವರಿಗೆ ಈ ಊರು ಗೊತ್ತು. ಗೋಕರ್ಣದಲ್ಲಿ ನೆಲಕ್ಕೂರಿದ ಲಿಂಗವನ್ನು ಕೀಳಲಾಗದೆ ಸಿಟ್ಟಿನಿಂದ ರಾವಣ ಎಸೆದ ವಸ್ತುಗಳಲ್ಲಿ ದಾರ ಬಂದು ಬಿದ್ದ ಜಾಗ ಇದು ಎಂದು ಸ್ಥಳಪುರಾಣ ಹೇಳುತ್ತದೆ. ಚುನಾವಣೆಯ ದಿನ ಇಲ್ಲಿಯ ಮತಗಟ್ಟೆಯ ಮುಂದೆಯೂ ಎಲ್ಲ ಕಡೆಯಂತೆ ಎರಡು ಸಾಲು. ಹೆಂಗಸರ ಸಾಲಿನಲ್ಲಿ ಕೊರಳ ತುಂಬ ಕರಿಮಣಿ ತೊಟ್ಟ ಹಾಲಕ್ಕಿ ಅಜ್ಜಿಯೂ ಇರುತ್ತಾಳೆ, ಮೀನು ಬುಟ್ಟಿಯನ್ನು ಮನೆಯಲ್ಲಿಟ್ಟು ಬಂದವಳೂ ಇರುತ್ತಾಳೆ, ಕಾಲೇಜಿಗೆ ಹೋಗುವ ಹುಡುಗಿಯೂ ಇರುತ್ತಾಳೆ. 'ಯಾರಿಗಮ್ಮಾ ಈ ಸಲ?' ಎಂದು ಕೇಳಿ ನೋಡಿ. 'ಓಟು ಹಾಕೂಕೆ ಹೋಗೂದು ಹೋಗೂದೇ, ಯಾರಿಗೆ ಅಂತ ಹೇಳೂಕೆ ಆಗೂದಿಲ್ಲ' ಎಂಬ ಉತ್ತರ ಸಿಕ್ಕೀತು. ಈ ಮೌನದ ಒಳಗೆ ಏನಿದೆ? ಎದುರುಬದುರು ನಿಂತ ಹುರಿಯಾಳುಗಳನ್ನು ಹೆಂಗಸರು ತೂಗುವ ಬಗೆ ಯಾವುದು? ಅಧ್ಯಕ್ಷರ ಆಯ್ಕೆಯ ಪ್ರಶ್ನೆ ಬಂದಾಗ ಆ ತೂಕ ಎಲ್ಲಿಯವರೆಗೆ ತಲುಪುತ್ತದೆ?

ಅಮೆರಿಕದಲ್ಲಿ, ಫ್ರಾನ್ಸಿನಲ್ಲಿ, ಶ್ರೀಲಂಕಾದಲ್ಲಿ ಜನ ದೇಶದ ಅಧ್ಯಕ್ಷರನ್ನು ಆರಿಸಲು ಮತಗಟ್ಟೆಗೆ ಹೋಗುತ್ತಾರೆ. ನಮ್ಮಲ್ಲಿ ಹಾಗಿಲ್ಲ. ರಾಷ್ಟ್ರಪತಿಯನ್ನು ಆರಿಸುವವರು ಸಂಸದರು ಮತ್ತು ಶಾಸಕರು. ಶಾಸಕರ ಮತದ ಬೆಲೆಯನ್ನು ಲೆಕ್ಕ ಹಾಕುವ ರೀತಿ ಕುತೂಹಲಕರವಾದುದು. 1971ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ ಸುಮಾರು 2 ಕೋಟಿ 93 ಲಕ್ಷ. ಇದನ್ನು 224 ಶಾಸಕರಿಗೆ ಹಂಚಿ, ಬಂದುದನ್ನು ಸಾವಿರದಿಂದ ಭಾಗಿಸಿದರೆ 131 ಸಿಗುತ್ತದೆ. ಅದೇ ಕರ್ನಾಟಕದ ಒಬ್ಬ ಶಾಸಕರ ಮತದ ಬೆಲೆ. ಅಂದರೆ 1971ರಲ್ಲಿ ತೊಟ್ಟಿಲಲ್ಲಿದ್ದ ಧಾರೇಶ್ವರದ ಹೆಣ್ಣುಕೂಸು ಕೂಡ ಈ ಲೆಕ್ಕದಲ್ಲಿ ಒಂದು ಮತದ ಸಾವಿರದಲ್ಲೊಂದು ಪಾಲು. ಆಕೆ ಎಣಿಕೆಯಲ್ಲಿದ್ದಾಳೆ, ಆಯ್ಕೆಯಲ್ಲಿಲ್ಲ.

ವಿಚಿತ್ರವೆಂದರೆ, ನಮ್ಮ ಹಳ್ಳಿಗಳಲ್ಲಿ 'ಅಧ್ಯಕ್ಷರು' ಎಂದೊಡನೆ ನೆನಪಾಗುವ ಗ್ರಾಮ ಪಂಚಾಯಿತಿ ಅಧ್ಯಕ್ಷರ ಕಥೆಯೂ ಇದೇ. ಜನ ಆರಿಸುವುದು ಸದಸ್ಯರನ್ನು. ಅಧ್ಯಕ್ಷರನ್ನು ಆರಿಸುವವರು ಆ ಸದಸ್ಯರು. ದೆಹಲಿಯ ಪದವಿಯಾಗಲಿ ಊರಿನ ಪದವಿಯಾಗಲಿ, ಹೆಂಗಸಿನ ತೂಕ ಅಲ್ಲಿಗೆ ಮುಟ್ಟಬೇಕಾದರೆ ಮತ್ತೊಬ್ಬರ ಕೈ ದಾಟಿಯೇ ಮುಟ್ಟಬೇಕು. ಆದ್ದರಿಂದ ಮೊದಲ ತಕ್ಕಡಿ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ತಿಳಿಯುವುದು ಅಗತ್ಯ.

ಮನೆಯ ಮತದಿಂದ ತನ್ನ ಮತಕ್ಕೆ

ಹೆಂಗಸರಿಗೆ ಮತ ಬಂದದ್ದು ಒಂದೇ ಏಟಿಗಲ್ಲ. ಉತ್ತರ ಕನ್ನಡ ಜಿಲ್ಲೆ 1862ರಿಂದ 1956ರವರೆಗೆ ಮುಂಬಯಿ ಆಡಳಿತದಲ್ಲಿತ್ತು. ಮುಂಬಯಿ ಪ್ರಾಂತ ಹೆಂಗಸರಿಗೆ ಮತದಾನದ ಹಕ್ಕು ಕೊಟ್ಟದ್ದು 1921ರಲ್ಲಿ. ಆದರೆ ಅದು ಆಸ್ತಿಯಿದ್ದವರಿಗೆ ಮಾತ್ರ. ಗದ್ದೆಯಲ್ಲಿ ನಾಟಿ ಮಾಡುವವಳಿಗೂ ಮೀನು ಮಾರುವವಳಿಗೂ ಅದರಿಂದ ಆದದ್ದೇನೂ ಇಲ್ಲ. ಪಕ್ಕದ ಮಂಗಳೂರು ಆಗ ಮದರಾಸು ಪ್ರಾಂತದಲ್ಲಿತ್ತು. ಅಲ್ಲಿ 1926ರಲ್ಲಿ ಕಮಲಾದೇವಿ ಚಟ್ಟೋಪಾಧ್ಯಾಯ ಶಾಸನಸಭೆಗೆ ಸ್ಪರ್ಧಿಸಿ ಅಲ್ಪ ಅಂತರದಲ್ಲಿ ಸೋತರು. ಸೋಲಿಗಿಂತ ದೊಡ್ಡ ಸುದ್ದಿ, ಒಬ್ಬ ಹೆಂಗಸು ಮತ ಕೇಳುತ್ತ ಬೀದಿಗಿಳಿದದ್ದು. ಇತ್ತ ಅಂಕೋಲೆ, ಸಿದ್ದಾಪುರಗಳ ಹೆಂಗಸರು ಕರನಿರಾಕರಣೆಯ ಕಾಲದಲ್ಲಿ, ಗಂಡಂದಿರು ಜೈಲಿಗೆ ಹೋದ ಮೇಲೆ, ಜಪ್ತಿಗೆ ಬಂದ ಅಧಿಕಾರಿಗಳೆದುರು ತಾವೇ ನಿಂತರು. ಎಲ್ಲರಿಗೂ ಮತ ಸಿಗುವ ಎಷ್ಟೋ ವರ್ಷ ಮೊದಲೇ ಈ ಜಿಲ್ಲೆಯ ಹೆಂಗಸರಿಗೆ ರಾಜಕೀಯ ಗೊತ್ತಿತ್ತು.

ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆ 1951–52ರಲ್ಲಿ ನಡೆಯಿತು. ಮತದಾರರ ಪಟ್ಟಿ ಮಾಡುವಾಗ ಉತ್ತರ ಭಾರತದ ಹಲವೆಡೆ ಹೆಂಗಸರು ತಮ್ಮ ಹೆಸರು ಹೇಳಲಿಲ್ಲ. 'ಇಂಥವರ ಹೆಂಡತಿ', 'ಇಂಥವರ ಮಗಳು' ಎಂದಷ್ಟೇ ಬರೆಸಿದರು. ಹಾಗೆ ಹೆಸರಿಲ್ಲದವರನ್ನು ಮುಖ್ಯ ಚುನಾವಣಾ ಆಯುಕ್ತ ಸುಕುಮಾರ ಸೇನರು ಪಟ್ಟಿಯಿಂದ ಕೈಬಿಟ್ಟರು. ಅಂಥವರ ಸಂಖ್ಯೆ ಸುಮಾರು 28 ಲಕ್ಷ. ಮತ ತನ್ನದಾಗಬೇಕಾದರೆ ಮೊದಲು ಹೆಸರು ತನ್ನದಾಗಬೇಕು ಎಂಬ ಪಾಠ ಅದು. 1962ರಲ್ಲಿ ದೇಶದ ಗಂಡಸರಲ್ಲಿ ನೂರಕ್ಕೆ 63 ಮಂದಿ ಮತ ಹಾಕಿದರೆ, ಹೆಂಗಸರಲ್ಲಿ ಹಾಕಿದವರು ನೂರಕ್ಕೆ 47ರಷ್ಟೂ ಇಲ್ಲ. 2019ರ ಹೊತ್ತಿಗೆ ಹೆಂಗಸರು ಶೇಕಡಾ 67.18, ಗಂಡಸರು ಶೇಕಡಾ 67.01. ಅರುವತ್ತು ವರ್ಷದೊಳಗೆ ಹದಿನಾರು ಅಂಶಗಳ ಅಂತರ ಮುಚ್ಚಿಹೋಯಿತು.

ಕರಾವಳಿಯಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಇದೆ. ಭಟ್ಕಳ, ಹೊನ್ನಾವರ, ಕುಮಟಾಗಳ ಗಂಡಸರು ದುಡಿಮೆಗಾಗಿ ಮುಂಬಯಿಗೆ, ಗೋವೆಗೆ, ಕೊಲ್ಲಿ ನಾಡುಗಳಿಗೆ ಹೋಗುವುದು ತಲೆಮಾರುಗಳಿಂದ ಬಂದದ್ದು. ಊರಲ್ಲಿ ಉಳಿದು ಪಡಿತರ ಚೀಟಿ, ಬ್ಯಾಂಕು, ಶಾಲೆ, ಆಸ್ಪತ್ರೆಗಳಿಗೆ ಓಡಾಡುವವರು ಹೆಂಗಸರು. ಆಳುವವರ ಮುಖವನ್ನು ಅವರು ಭಾಷಣದಲ್ಲಿ ನೋಡುವುದಿಲ್ಲ, ಕಚೇರಿಯ ಕಿಟಕಿಯಲ್ಲಿ ನೋಡುತ್ತಾರೆ.

ಹೆಣ್ಣೆಂಬ ಒಂದೇ ಕಾರಣಕ್ಕೆ?

ಹೆಂಗಸು ನಿಂತರೆ ಹೆಂಗಸರೆಲ್ಲ ಅವಳಿಗೇ ಹಾಕುತ್ತಾರೆ ಎಂಬುದು ಪಕ್ಷಗಳ ಹಳೆಯ ನಂಬಿಕೆ. ಈ ನಂಬಿಕೆಯನ್ನು ಒರೆಗೆ ಹಚ್ಚಲು ನಮ್ಮ ಲೋಕಸಭಾ ಕ್ಷೇತ್ರಕ್ಕಿಂತ ಒಳ್ಳೆಯ ಜಾಗವಿಲ್ಲ. 1999ರಲ್ಲಿ ಕಾಂಗ್ರೆಸ್ಸಿನ ಮಾರ್ಗರೆಟ್ ಆಳ್ವ ಇಲ್ಲಿ ಗೆದ್ದರು. ಅವರ ಮಾವ ಜೋಕಿಂ ಆಳ್ವ ಮೊದಲ ಮೂರು ಚುನಾವಣೆಗಳಲ್ಲಿ ಇದೇ ಸೀಮೆಯನ್ನು ಪ್ರತಿನಿಧಿಸಿದವರು. ಅತ್ತೆ ವಯೊಲೆಟ್ ಆಳ್ವ ರಾಜ್ಯಸಭೆಯ ಉಪಸಭಾಪತಿಯಾಗಿದ್ದವರು. 2004ರಲ್ಲಿ ಅದೇ ಮಾರ್ಗರೆಟ್ ಆಳ್ವ ಅನಂತಕುಮಾರ ಹೆಗಡೆಯವರೆದುರು ಸೋತರು, 2009ರಲ್ಲೂ ಸೋತರು. 2024ರಲ್ಲಿ ಕಾಂಗ್ರೆಸ್ಸಿನಿಂದ ನಿಂತ ವೈದ್ಯೆ ಅಂಜಲಿ ನಿಂಬಾಳ್ಕರ್ ಅವರನ್ನು ವಿಶ್ವೇಶ್ವರ ಹೆಗಡೆ ಕಾಗೇರಿಯವರು ಮೂರು ಲಕ್ಷಕ್ಕೂ ಹೆಚ್ಚಿನ ಅಂತರದಲ್ಲಿ ಸೋಲಿಸಿದರು. ಕುಮಟಾ ವಿಧಾನಸಭಾ ಕ್ಷೇತ್ರ 2013ರಲ್ಲಿ ಶಾರದಾ ಶೆಟ್ಟಿಯವರನ್ನು ಆರಿಸಿತು, 2018ರಲ್ಲಿ ಅವರನ್ನೇ ಬಿಟ್ಟುಕೊಟ್ಟಿತು. ಹುರಿಯಾಳು ಹೆಣ್ಣೆಂಬುದೇ ತೂಕದ ಬಟ್ಟಾಗಿದ್ದರೆ ಒಮ್ಮೆ ಏರಿದ ತಟ್ಟೆ ಮರುಸಲ ಇಳಿಯಬಾರದಿತ್ತು.

ಹಾಗಾದರೆ ಇಬ್ಬರೂ ಹೆಂಗಸರೇ ಆದರೆ? ಕರ್ನಾಟಕ ಇದನ್ನೂ ಕಂಡಿದೆ. 1999ರಲ್ಲೇ ಬಳ್ಳಾರಿಯಲ್ಲಿ ಸೋನಿಯಾ ಗಾಂಧಿಯವರ ಎದುರು ಸುಷ್ಮಾ ಸ್ವರಾಜ್ ನಿಂತರು. ಒಬ್ಬರು ನೆಹರೂ ಮನೆತನದ ಸೊಸೆ. ಇನ್ನೊಬ್ಬರು 'ದೇಶದ ಮಗಳು' ಎಂದು ಹೇಳಿಕೊಂಡು, ಕುಂಕುಮವಿಟ್ಟು, ಕೆಲವೇ ದಿನಗಳಲ್ಲಿ ಕನ್ನಡ ಕಲಿತು ಭಾಷಣ ಮಾಡಿದವರು. ಮುತ್ತೈದೆತನ, ಸೊಸೆತನ, ಮಗಳತನಗಳೆಲ್ಲ ಆ ಚುನಾವಣೆಯಲ್ಲಿ ವಾದದ ವಸ್ತುಗಳಾದವು. ಕೊನೆಗೆ ಸುಮಾರು 56 ಸಾವಿರ ಮತಗಳಿಂದ ಗೆದ್ದವರು ಸೋನಿಯಾ. 1952ರಿಂದಲೂ ಕಾಂಗ್ರೆಸ್ಸನ್ನು ಬಿಡದ ಬಳ್ಳಾರಿ ಆಗಲೂ ಬಿಡಲಿಲ್ಲ. ಸೋತ ಸುಷ್ಮಾ ಮುಂದೆ ಎಷ್ಟೋ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಬಳ್ಳಾರಿಗೆ ಬರುತ್ತಿದ್ದರು, ಅಲ್ಲಿಯ ಹೆಂಗಸರು ಅಕ್ಕರೆಯಿಂದ ಬರಮಾಡಿಕೊಳ್ಳುತ್ತಿದ್ದರು. ಅಕ್ಕರೆ ಬೇರೆ, ಮತ ಬೇರೆ. ಈ ಎರಡನ್ನು ಬೇರೆಯಾಗಿಡಬಲ್ಲವರು ಹೆಂಗಸರು ಎಂಬುದನ್ನು ಪಕ್ಷಗಳು ಮರೆಯುತ್ತವೆ.

ನೆರೆಯ ಶ್ರೀಲಂಕಾದಲ್ಲಿ 1994ರ ಅಧ್ಯಕ್ಷ ಚುನಾವಣೆಯಲ್ಲೂ ಮುಖ್ಯ ಸ್ಪರ್ಧಿಗಳಿಬ್ಬರು ಹೆಂಗಸರು. ಇಬ್ಬರ ಗಂಡಂದಿರೂ ರಾಜಕೀಯ ಹತ್ಯೆಗೆ ಬಲಿಯಾದವರು. ಚಂದ್ರಿಕಾ ಕುಮಾರತುಂಗ ಅವರ ಪತಿ 1988ರಲ್ಲಿ ತೀರಿಕೊಂಡಿದ್ದರೆ, ಶ್ರೀಮಾ ದಿಸ್ಸಾನಾಯಕೆ ಅವರ ಪತಿ ಗಾಮಿನಿ ಮತದಾನಕ್ಕೆ ಕೆಲವೇ ದಿನ ಮೊದಲು ಬಾಂಬಿಗೆ ಬಲಿಯಾಗಿ, ಆ ಸ್ಥಾನದಲ್ಲಿ ಹೆಂಡತಿ ನಿಂತಿದ್ದರು. ಕನಿಕರವೇ ಮತವಾಗುವುದಿದ್ದರೆ ಹಸಿ ದುಃಖದ ಕಡೆ ವಾಲಬೇಕಿತ್ತು. ಶಾಂತಿಯ ಮಾತು ಆಡಿದ ಚಂದ್ರಿಕಾಗೆ ಶೇಕಡಾ 62ರಷ್ಟು ಮತ ಬಿತ್ತು.

ಹೆಂಗಸರ ಸ್ವಭಾವವೇ ಒಂದು ಕಡೆಗೆ ವಾಲುವಂಥದ್ದು ಎನ್ನುವವರಿಗೂ ಇತಿಹಾಸ ಉತ್ತರ ಕೊಟ್ಟಿದೆ. ಫ್ರಾನ್ಸಿನಲ್ಲಿ 1965ರ ಅಧ್ಯಕ್ಷ ಚುನಾವಣೆಯಲ್ಲಿ ಎಡಪಂಥೀಯ ಮಿತೆರಾಂಗಿಂತ ಡಿ ಗಾಲ್ ಕಡೆಗೆ ಹೆಂಗಸರ ಮತ ಹೆಚ್ಚು ಹರಿಯಿತು. ಅಮೆರಿಕದಲ್ಲಿ 1980ರಲ್ಲಿ ಇದರ ತಿರುಗುಮುರುಗು: ಬಲಪಂಥೀಯ ರೇಗನ್ನರಿಗೆ ಗಂಡಸರಿಗಿಂತ ಹೆಂಗಸರ ಮತ ನೂರಕ್ಕೆ ಸುಮಾರು ಎಂಟರಷ್ಟು ಕಡಿಮೆ ಬಿತ್ತು. ಅಲ್ಲಿಂದೀಚೆಗೆ ಅಲ್ಲಿಯ ಪಂಡಿತರು ಈ ಅಂತರವನ್ನು ಪ್ರತಿ ಚುನಾವಣೆಯಲ್ಲೂ ಅಳೆಯುತ್ತ ಬಂದಿದ್ದಾರೆ. ಒಂದು ದೇಶದಲ್ಲಿ ಬಲಕ್ಕೆ, ಇನ್ನೊಂದರಲ್ಲಿ ಎಡಕ್ಕೆ ವಾಲಿದ್ದನ್ನು ಸ್ವಭಾವ ಎನ್ನಲಾಗದು. ದುಡಿಮೆ, ಕೂಲಿ, ಮಕ್ಕಳ ಓದು, ಮುದಿತನದ ಆಸರೆ ಇವು ಬದಲಾದಂತೆ ತೂಕವೂ ಬದಲಾಗುತ್ತದೆ.

ತೂಕದ ಬಟ್ಟುಗಳು

ಇನ್ನು ನಮ್ಮ ಕರಾವಳಿಯ ಬಟ್ಟುಗಳನ್ನು ನೋಡೋಣ. ಮೊದಲನೆಯದು ನೆನಪು. 1967ರಲ್ಲಿ ಪಕ್ಷೇತರರಾಗಿ ನಿಂತ ದಿನಕರ ದೇಸಾಯಿಯವರನ್ನು ಈ ಜಿಲ್ಲೆ ಲೋಕಸಭೆಗೆ ಕಳಿಸಿತು. ಅವರು ಚುಟುಕ ಬರೆದವರಷ್ಟೇ ಅಲ್ಲ, ರೈತರನ್ನು ಸಂಘಟಿಸಿದವರು, ಕೆನರಾ ವೆಲ್‌ಫೇರ್ ಟ್ರಸ್ಟಿನ ಮೂಲಕ ಹಳ್ಳಿಗಳಲ್ಲಿ ಶಾಲೆ ತೆರೆದವರು. ಮಗಳು ಓದಿದ ಶಾಲೆಯನ್ನು ತಾಯಿ ಮರೆಯುವುದಿಲ್ಲ. ದೇವರಾಜ ಅರಸರ ಕಾಲದ ಭೂಸುಧಾರಣೆಯ ನೆನಪೂ ಇಲ್ಲಿಯ ಗೇಣಿದಾರ ಮನೆಗಳಲ್ಲಿ ಬಹುಕಾಲ ಉಳಿಯಿತು. ಆದರೆ 'ಉಳುವವನೇ ಹೊಲದೊಡೆಯ' ಎಂದಾಗ ಪಟ್ಟೆ ಹೆಚ್ಚಾಗಿ ಆದದ್ದು ಗಂಡಸರ ಹೆಸರಿಗೆ. ನಾಟಿ, ಕಳೆ, ಕೊಯ್ಲು ಮಾಡಿದವಳು ಒಡತಿಯಾಗಲಿಲ್ಲ ಎಂಬುದೂ ನೆನಪೇ.

ಎರಡನೆಯದು ಮನೆಯ ನೆಮ್ಮದಿ. ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡ ಹಾಲಕ್ಕಿ ಹಾಡುಗಳ ಭಂಡಾರವೆಂದು ಹೆಸರಾದವರು, 2017ರಲ್ಲಿ ಪದ್ಮಶ್ರೀ ಪಡೆದವರು. ಅದೇ ಸುಕ್ರಜ್ಜಿ ತಮ್ಮ ಊರಿನಲ್ಲಿ ಸಾರಾಯಿಯ ವಿರುದ್ಧ ಹೆಂಗಸರನ್ನು ಕಟ್ಟಿಕೊಂಡು ನಿಂತರು. ಆಂಧ್ರದಲ್ಲಿ 1992ರಲ್ಲಿ ಹಳ್ಳಿಯ ಹೆಂಗಸರು ಹೂಡಿದ ಸಾರಾಯಿ ವಿರೋಧಿ ಚಳವಳಿ 1994ರ ಚುನಾವಣೆಯ ದೊಡ್ಡ ವಿಷಯವಾಯಿತು. ಕರ್ನಾಟಕದಲ್ಲಿ ಸಾರಾಯಿ ನಿಷೇಧ ಬಂದದ್ದು 2007ರ ಜುಲೈಯಲ್ಲಿ. ಗಂಡ ಕುಡಿದು ಬರುವ ಹಾದಿಯಲ್ಲಿ ಅಂಗಡಿ ಇಟ್ಟವರು ಯಾರು, ಮುಚ್ಚಿಸಿದವರು ಯಾರು ಎಂಬ ಲೆಕ್ಕ ಹೆಂಗಸರಿಗೆ ಪ್ರಣಾಳಿಕೆ ಓದದೆಯೂ ತಿಳಿದಿರುತ್ತದೆ. 1993ರ ಭಟ್ಕಳದ ಗಲಭೆ ಕಂಡ ತಾಯಂದಿರಿಗೆ ನೆಮ್ಮದಿ ಎಂದರೆ ಇನ್ನೂ ಒಂದು ಅರ್ಥವಿದೆ: ಸಂಜೆ ಪೇಟೆಗೆ ಹೋದ ಮಗ ಕ್ಷೇಮವಾಗಿ ಮನೆಗೆ ಬರುವುದು.

ಮೂರನೆಯದು ಕೈಗೆ ಸಿಗುವ ಸಹಾಯ. 2023ರ ಜೂನ್‌ನಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ, ಆಗಸ್ಟಿನಲ್ಲಿ ಮನೆಯೊಡತಿಗೆ ತಿಂಗಳಿಗೆ 2000 ರೂಪಾಯಿಯ ಗೃಹಲಕ್ಷ್ಮಿ ಬಂದವು. ಈ ಭರವಸೆಗಳನ್ನು ಕೊಟ್ಟ ಕಾಂಗ್ರೆಸ್ 2023ರಲ್ಲಿ ರಾಜ್ಯದಲ್ಲಿ 135 ಸ್ಥಾನ ಗೆದ್ದಿತು. ಆದರೆ ಅದೇ ಚುನಾವಣೆಯಲ್ಲಿ ಕುಮಟಾದಲ್ಲಿ ಗೆದ್ದವರು ಬಿಜೆಪಿಯ ದಿನಕರ ಶೆಟ್ಟಿ, ಅದೂ ಸಾವಿರಕ್ಕಿಂತ ಕಡಿಮೆ ಅಂತರದಲ್ಲಿ. ಹಣ ಕೈಗೆ ಬರತೊಡಗಿದ ಮೇಲೂ 2024ರಲ್ಲಿ ಜಿಲ್ಲೆ ಬಿಜೆಪಿಯ ಕಡೆಗೇ ವಾಲಿತು. ಹಾಗೆಂದು ಸಹಾಯಕ್ಕೆ ಬೆಲೆಯಿಲ್ಲವೆಂದಲ್ಲ. ಅದು ಒಂದು ಬಟ್ಟು, ಅದೇ ತಕ್ಕಡಿಯಲ್ಲ. ಧರ್ಮ, ಜಾತಿ, ದೆಹಲಿಯ ನಾಯಕನ ಮುಖ, ಮನೆಯ ಗಂಡಸರ ಮಾತು ಇವೂ ತಟ್ಟೆಯಲ್ಲಿ ಬೀಳುತ್ತವೆ. ಹೆಂಗಸರು ಜಾತಿಯ ಆಚೆ ನಿಂತು ಮತ ಹಾಕುತ್ತಾರೆಂದು ಹೇಳಿದರೆ ಅದು ಮುಖಸ್ತುತಿಯಾದೀತು.

ನಾಲ್ಕನೆಯ ಬಟ್ಟು ಆಸ್ಪತ್ರೆ. ಈ ಜಿಲ್ಲೆಯಲ್ಲಿ ಜೀವಕ್ಕೆ ಅಪಾಯವಾದರೆ ಮಣಿಪಾಲಕ್ಕೋ ಮಂಗಳೂರಿಗೋ ಓಡಬೇಕಾಗಿ ಬಂದದ್ದು ಮನೆಮನೆಯ ಕಥೆ. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರಿನ ಟೋಲ್ ಗೇಟಿಗೆ ಅಪ್ಪಳಿಸಿ ನಾಲ್ವರು ಸತ್ತಾಗ, ಸುಸಜ್ಜಿತ ಆಸ್ಪತ್ರೆ ಬೇಕೆಂಬ ಕೂಗು ಇಡೀ ಜಿಲ್ಲೆಯಲ್ಲಿ ಮತ್ತೆ ಎದ್ದಿತು. ಹೆರಿಗೆಗೆ ಮಗಳನ್ನು ಕರೆದೊಯ್ಯುವ ತಾಯಿಗೆ ಈ ದೂರ ಎಷ್ಟು ಕಿಲೋಮೀಟರು ಎಂದು ಯಾರೂ ಹೇಳಿಕೊಡಬೇಕಿಲ್ಲ. ಇಲ್ಲಿ ತೊಡಕು ಏನೆಂದರೆ, ಈ ಬೇಡಿಕೆಗೆ ಎಲ್ಲ ಪಕ್ಷದವರೂ ತಲೆದೂಗುತ್ತಾರೆ. ಎಲ್ಲರೂ ಹೌದು ಎಂದಾಗ ಆರಿಸುವುದು ಯಾರನ್ನು? ಅತ್ಯಂತ ಭಾರವಾದ ಬಟ್ಟು ಎರಡೂ ತಟ್ಟೆಗೆ ಸಮನಾಗಿ ಬಿದ್ದರೆ ತಕ್ಕಡಿ ಅಲ್ಲಾಡುವುದಿಲ್ಲ. ಆಗ ಹಗುರ ಬಟ್ಟುಗಳೇ ಫಲಿತಾಂಶವನ್ನು ನಿರ್ಧರಿಸುತ್ತವೆ.

ತೂಕ ಮೇಲಕ್ಕೆ ಮುಟ್ಟುವುದೆಂತು?

ಮತ್ತೆ ಅಧ್ಯಕ್ಷ ಪದವಿಗೆ ಬರೋಣ. ರಾಷ್ಟ್ರಪತಿ ಸ್ಥಾನಕ್ಕೆ 2002ರಲ್ಲಿ ಕ್ಯಾಪ್ಟನ್ ಲಕ್ಷ್ಮೀ ಸೆಹಗಲ್, 2017ರಲ್ಲಿ ಮೀರಾ ಕುಮಾರ್ ನಿಂತು ಸೋತರು. 2007ರಲ್ಲಿ ಪ್ರತಿಭಾ ಪಾಟೀಲ್, 2022ರಲ್ಲಿ ದ್ರೌಪದಿ ಮುರ್ಮು ಗೆದ್ದರು. ಗೆದ್ದವರಿಗೂ ಸೋತವರಿಗೂ ಇದ್ದ ವ್ಯತ್ಯಾಸ ಹೆಣ್ತನವಲ್ಲ, ಹಿಂದಿದ್ದ ಸಂಖ್ಯಾಬಲ. 2022ರಲ್ಲಿ ಉಪರಾಷ್ಟ್ರಪತಿ ಸ್ಥಾನಕ್ಕೆ ನಮ್ಮ ಹಳೆಯ ಸಂಸದೆ ಮಾರ್ಗರೆಟ್ ಆಳ್ವರೇ ವಿರೋಧ ಪಕ್ಷಗಳ ಅಭ್ಯರ್ಥಿ. ಜಗದೀಪ ಧನಕರ್‌ಗೆ 528, ಆಳ್ವರಿಗೆ 182. ಹೆಂಗಸೊಬ್ಬರೇ ಮುನ್ನಡೆಸುವ ತೃಣಮೂಲ ಕಾಂಗ್ರೆಸ್, ತಮ್ಮನ್ನು ಕೇಳದೆ ಅಭ್ಯರ್ಥಿಯನ್ನು ಆರಿಸಿದರೆಂದು ಮತದಾನದಿಂದ ದೂರ ಉಳಿಯಿತು. ಹಳ್ಳಿಯ ಹೆಂಗಸರು ಹೆಣ್ಣಿಗೇ ಹಾಕಬೇಕೆಂದು ಬಯಸುವವರು ಈ ಲೆಕ್ಕವನ್ನೂ ನೋಡಬೇಕು.

ಕೆಳಗಿನ ಮೆಟ್ಟಿಲಿನಲ್ಲಿ ಮಾತ್ರ ನಿಜವಾದ ಬದಲಾವಣೆ ಆಗಿದೆ. 1983ರ ಕಾಯಿದೆಯಲ್ಲಿ ಕರ್ನಾಟಕ ಪಂಚಾಯಿತಿಗಳ ನಾಲ್ಕರಲ್ಲೊಂದು ಸ್ಥಾನವನ್ನು ಹೆಂಗಸರಿಗೆ ಮೀಸಲಿಟ್ಟಿತು. ಅಬ್ದುಲ್ ನಜೀರ್ ಸಾಬರ ಹೆಸರಿನೊಡನೆ ಬೆಸೆದುಕೊಂಡ ಈ ಪ್ರಯೋಗದ ಚುನಾವಣೆ 1987ರಲ್ಲಿ ನಡೆಯಿತು. 1993ರ ಕಾಯಿದೆಯಲ್ಲಿ ಅದು ಮೂರರಲ್ಲೊಂದಾಯಿತು, 2010ರ ತಿದ್ದುಪಡಿಯಿಂದ ಅರ್ಧವಾಯಿತು. ಗ್ರಾಮ ಪಂಚಾಯಿತಿಯಲ್ಲಿ ಪಕ್ಷದ ಚಿಹ್ನೆಯಿಲ್ಲ. ಆದ್ದರಿಂದ ಅಲ್ಲಿ ಹೆಂಗಸರು ತೂಗುವುದು ಮನುಷ್ಯರನ್ನು: ಬೇಸಿಗೆಯಲ್ಲಿ ಬಾವಿಯ ನೀರು ಉಪ್ಪಾದಾಗ ನಲ್ಲಿ ತರಿಸಿದವಳು ಯಾರು, ಅರ್ಜಿ ಹಿಡಿದು ಹೋದಾಗ ಕೂರಿಸಿ ಮಾತಾಡಿದವಳು ಯಾರು, ಅಧ್ಯಕ್ಷೆಯ ಕುರ್ಚಿಯಲ್ಲಿ ತಾನೇ ಕೂತವಳು ಯಾರು, ಗಂಡನನ್ನು ಕೂರಿಸಿದವಳು ಯಾರು. ಲೋಕಸಭೆಯಲ್ಲೂ ವಿಧಾನಸಭೆಯಲ್ಲೂ ಮೂರನೇ ಒಂದು ಪಾಲು ಹೆಂಗಸರಿಗೆ ಎಂಬ ಕಾನೂನನ್ನು ಸಂಸತ್ತು 2023ರಲ್ಲಿ ಒಪ್ಪಿತು. ಆದರೆ ಜನಗಣತಿಯೂ ಕ್ಷೇತ್ರ ಮರುವಿಂಗಡಣೆಯೂ ಮುಗಿದ ಮೇಲೆ ಜಾರಿ ಎಂಬ ಷರತ್ತನ್ನೂ ಜೊತೆಗೇ ಹಾಕಿತು.

ಧಾರೇಶ್ವರದ ಸಾಲಿನಲ್ಲಿ ನಿಂತವಳು ತನ್ನ ಮತ ಯಾರಿಗೆಂದು ಹೇಳದಿರುವುದು ಅಜ್ಞಾನದಿಂದಲ್ಲ. ಮನೆಯಲ್ಲಿ, ಕೇರಿಯಲ್ಲಿ, ಗದ್ದೆಯಲ್ಲಿ ಎಲ್ಲದಕ್ಕೂ ಉತ್ತರ ಕೊಡಬೇಕಾದವಳಿಗೆ ಯಾರೂ ಪ್ರಶ್ನಿಸಲಾಗದ ಜಾಗ ಆ ರಟ್ಟಿನ ಮರೆಯೊಂದೇ. ಅಲ್ಲಿ ಆಕೆ ಒಂದು ನಿಮಿಷ ಒಬ್ಬಳೇ ನಿಲ್ಲುತ್ತಾಳೆ. ಆ ನಿಮಿಷದ ತೂಕವನ್ನು ಗೆದ್ದವರು ಐದು ವರ್ಷ ನೆನಪಿಟ್ಟುಕೊಂಡರೆ ಸಾಕು, ಸಾವಿರದಲ್ಲೊಂದು ಪಾಲೂ ಸಣ್ಣದೆನಿಸದು.