ಭುಜದೊಳಗಿನ ಸುಣ್ಣ, ಕಿವಿಗೆ ಕೇಳದ ಶಬ್ದ

ಭುಜದಲ್ಲಿ ಸುಣ್ಣ ಸೇರಿದೆಯೆಂದು ವೈದ್ಯರು ಹೇಳಿದರೆ ನಮ್ಮ ಹಡಗಲಿ ಸೀಮೆಯ ಜನ ಮೊದಲು ಸಂಶಯಪಡುವುದು ಎಲೆಯಡಿಕೆಯ ಚಂಚಿಯನ್ನು. ತಿಂದ ಸುಣ್ಣವೇ ತೋಳಿಗಿಳಿಯಿತೆಂದು ಬಗೆದು ಕೆಲವರು ಅದನ್ನು ಬಿಡುವರು. ಇನ್ನು ಕೆಲವರು ಹಾಲು, ರಾಗಿಗಳನ್ನೂ ದೂರವಿಡುವರು. ಎಲೆಯಡಿಕೆಯನ್ನು ಬಿಡಲು ಬೇರೆ ಕಾರಣಗಳು ಬೇಕಾದಷ್ಟಿವೆ. ಇದು ಮಾತ್ರ ಅವುಗಳಲ್ಲಿ ಸೇರದು. ಚಂಚಿಯ ಸುಣ್ಣ ಕ್ಯಾಲ್ಸಿಯಂ ಹೈಡ್ರಾಕ್ಸೈಡು. ಭುಜದಲ್ಲಿ ಕೂಡುವುದು ಕ್ಯಾಲ್ಸಿಯಂ, ಫಾಸ್ಫೇಟುಗಳು ಬೆರೆತ ಅಪಟೈಟ್ ಜಾತಿಯ ಖನಿಜ. ಎಂದರೆ ನಮ್ಮ ಎಲುಬು ಹಲ್ಲುಗಳ ದ್ರವ್ಯವೇ. ಇಂಥ ರೋಗಿಗಳ ರಕ್ತದಲ್ಲಿ ಕ್ಯಾಲ್ಸಿಯಂ ಸಾಮಾನ್ಯವಾಗಿ ಸರಿಯಾದ ಪ್ರಮಾಣದಲ್ಲಿಯೇ ಇರುವುದು.

ಸ್ನಾಯುವನ್ನು ಎಲುಬಿಗೆ ಬಿಗಿಯುವ ಹುರಿಗೆ ಸ್ನಾಯುರಜ್ಜು ಎಂದು ಹೆಸರು. ತೋಳನ್ನು ಪಕ್ಕಕ್ಕೆತ್ತಲು ನೆರವಾಗುವ ಸುಪ್ರಾಸ್ಪೈನೇಟಸ್ ಸ್ನಾಯುವಿನ ರಜ್ಜುವಿನಲ್ಲಿ ಈ ಖನಿಜ ಹೆಚ್ಚಾಗಿ ಕಾಣಬರುವುದು. 30ರಿಂದ 60ರ ವಯಸ್ಸಿನವರಲ್ಲಿ, ಅದರಲ್ಲೂ ಸ್ತ್ರೀಯರಲ್ಲಿ. ಇದರ ವರ್ತನೆ ವಿಚಿತ್ರವಾದುದು. ಸೀಮೆಸುಣ್ಣದಂತೆ ಗಟ್ಟಿಯಾಗಿ ಕುಳಿತಿರುವಾಗ ಅದು ಎಷ್ಟೋ ವೇಳೆ ತೆಪ್ಪಗಿರುವುದು. ದೇಹವು ಅದನ್ನು ಕರಗಿಸಲು ತೊಡಗಿ, ಅದು ಹಲ್ಲುಜ್ಜುವ ಪೇಸ್ಟಿನಂತೆ ಮೆತ್ತಗಾದಾಗ ನೋವು ಉಲ್ಬಣಿಸುವುದು. ಕಾಯಿಲೆ ಹೊರಡುವ ಹೊತ್ತಿನಲ್ಲೇ ರೋಗಿಯ ಪಾಡು ಹೇಳತೀರದು!

ಹಿರೇಹಡಗಲಿಯಲ್ಲಿ ನಮಗೆ ಪರಿಚಿತರಾದ, ಮಲ್ಲಿಗೆ ಬೆಳೆಯುವ ಮನೆತನದ ಗೃಹಿಣಿಯೊಬ್ಬರು ಇದನ್ನು ಅನುಭವಿಸಿದರು. ಬಲದೋಳು ಮೇಲೇಳದು, ತಲೆ ಬಾಚಲು ಮಗಳೇ ಬೇಕು, ಆ ಮಗ್ಗುಲಿಗೆ ಹೊರಳಿದರೆ ನಿದ್ರೆಯಿಲ್ಲ. “ತೋಳಾಗ ಹಲ್ಲುನೋವು ಬಂದಂಗ ಆಗೈತ್ರಿ” ಎಂದರು. ದ್ರವ್ಯ ಹಲ್ಲಿನದೇ ಆದುದರಿಂದ ಈ ಹೋಲಿಕೆ ಅವರರಿಯದೆಯೇ ಸೊಗಸಾಗಿತ್ತು. ಆರು ತಿಂಗಳು ಮಾತ್ರೆ, ವ್ಯಾಯಾಮಗಳು ನಡೆದ ಮೇಲೆ ದಾವಣಗೆರೆಯ ವೈದ್ಯರು, ಅಲ್ಟ್ರಾಸೌಂಡ್ ಯಂತ್ರದಲ್ಲಿ ನೋಡುತ್ತ ಸೂಜಿ ಚುಚ್ಚಿ ಸುಣ್ಣವನ್ನು ತೊಳೆದು ತೆಗೆಯುವೆವೆಂದರು. ಆ ಕೊಠಡಿಯ ಬಾಗಿಲಲ್ಲಿ, 1994ರ ಕಾಯಿದೆಯಂತೆ, ಭ್ರೂಣದ ಲಿಂಗವನ್ನು ತಿಳಿಸಲಾಗದೆಂಬ ಫಲಕ. ಬಸುರಿಯರ ಕೋಣೆಗೆ ತನ್ನನ್ನೇಕೆ ತಂದರೆಂದು ಆಕೆ ಗಾಬರಿಯಾದರಂತೆ.

ಈ ಯಂತ್ರದ ಮರ್ಮವೇನು? ಸೆಕೆಂಡಿಗೆ ಸುಮಾರು 20,000ಕ್ಕೂ ಮಿಕ್ಕ ಕಂಪನಗಳನ್ನು ನಮ್ಮ ಕಿವಿ ಕೇಳಲಾರದು. ಭುಜವನ್ನು ನೋಡಲು ಬಳಸುವ ಶ್ರವಣಾತೀತ ಶಬ್ದದಲ್ಲಿ ಸೆಕೆಂಡಿಗೆ ಒಂದು ಕೋಟಿಯ ಆಸುಪಾಸು ಕಂಪನಗಳಿರುವುವು. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ತು ತೋರುವುದೆಂದು ಫ್ರಾನ್ಸಿನ ಕ್ಯೂರಿ ಸೋದರರು 1880ರಲ್ಲಿ ಕಂಡರು. ಇದರ ವಿಲೋಮವೂ ನಿಜ: ವಿದ್ಯುತ್ತನ್ನು ಕೊಟ್ಟರೆ ಹರಳು ಕಂಪಿಸುವುದು. ವೈದ್ಯರ ಕೈಯ ಶೋಧಕದಲ್ಲಿ ಇಂಥ ವಸ್ತುವೇ ಕೂಗುವ ಬಾಯಿ, ಮಾರ್ದನಿಗೆ ಕಾಯುವ ಕಿವಿ, ಎರಡೂ ಆಗಿರುವುದು.

ಮೃದು ಅಂಗಾಂಶದಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1540 ಮೀಟರು. ಇದನ್ನು ಒಂದು ಕೋಟಿಯಿಂದ ಭಾಗಿಸಿದರೆ ಅಲೆಯ ಉದ್ದ 0.154 ಮಿಲಿಮೀಟರು. ಅಲೆ ಮೊಟಕಾದಷ್ಟೂ ಸೂಕ್ಷ್ಮ ವಿವರಗಳು ಕಾಣುವುವು. ಆದರೆ ಅದು ಬೇಗನೆ ಕ್ಷೀಣಿಸುವುದರಿಂದ ಆಳಕ್ಕಿಳಿಯದು. ಭುಜದ ರಜ್ಜು ಚರ್ಮಕ್ಕೆ ಸಮೀಪವಿರುವುದು ಅದೃಷ್ಟವೇ ಸರಿ. ಒಂದೂವರೆ ಸೆಂಟಿಮೀಟರು ಆಳದಿಂದ ಮಾರ್ದನಿ ಮರಳಲು ಸೆಕೆಂಡಿನ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 20 ಪಾಲು ಸಾಕು. ಈ ಕಾಲದಿಂದಲೇ ಯಂತ್ರವು ಆಳವನ್ನು ಲೆಕ್ಕಹಾಕುವುದು. ಶೋಧಕಕ್ಕೂ ಚರ್ಮಕ್ಕೂ ನಡುವೆ ಕೂದಲೆಳೆಯಷ್ಟು ಗಾಳಿಯಿದ್ದರೂ ಶಬ್ದವೆಲ್ಲ ಅಲ್ಲಿಂದಲೇ ಹಿಂದಿರುಗುವುದು. ತಣ್ಣನೆಯ ಲೋಳೆಯನ್ನು ಹಚ್ಚುವುದು ಆ ಗಾಳಿಯನ್ನು ಹೊರಗಟ್ಟಲೆಂದೇ.

ಗಟ್ಟಿ ಸುಣ್ಣವು ಶಬ್ದವನ್ನು ಬಲವಾಗಿ ಹಿಮ್ಮೆಟ್ಟಿಸಿ ತೆರೆಯ ಮೇಲೆ ಬೆಳ್ಳಗೆ ಹೊಳೆಯುವುದು. ಶಬ್ದ ಮುಂದಕ್ಕೆ ಹೋಗದ ಕಾರಣ ಅದರ ಹಿಂದೆ ಕಪ್ಪು ನೆರಳು ಬೀಳುವುದು. ಮೆತ್ತಗಾದ ಸುಣ್ಣಕ್ಕೆ ನೆರಳು ಕಡಿಮೆ. ಹೀಗೆ ನೆರಳನ್ನು ನೋಡಿಯೇ ಸುಣ್ಣ ಯಾವ ಅವಸ್ಥೆಯಲ್ಲಿದೆಯೆಂದು ಊಹಿಸಬಹುದು. ಸೂಜಿಯ ವಿಷಯ ಇನ್ನೂ ಸ್ವಾರಸ್ಯಕರ. ಶಬ್ದಕಿರಣಕ್ಕೆ ಅದು ಲಂಬವಾಗಿದ್ದರೆ ಬೆಳ್ಳಿಯ ಗೆರೆಯಂತೆ ಕಾಣುವುದು. ತುಸು ಓರೆಯಾದರೆ ಮಾರ್ದನಿ ಬೇರೆ ಕಡೆಗೆ ಹಾರಿ ಸೂಜಿ ಮಾಯವಾಗುವುದು. ಕನ್ನಡಿಯ ಪಾಠದಲ್ಲಿ ವಿದ್ಯಾರ್ಥಿಗಳು ಕಲಿತ ನಿಯಮವೇ ಇದು. ಅದರ ಮೇಲೆ ಇಲ್ಲಿ ಒಬ್ಬರ ತೋಳಿನ ಕ್ಷೇಮ ನಿಂತಿದೆ.

ಗೃಹಿಣಿಯನ್ನು ಅಂಗಾತ ಮಲಗಿಸಿ ಅರಿವಳಿಕೆ ಮದ್ದು ಕೊಟ್ಟರು. ಸೂಜಿ ಸುಣ್ಣದೊಳಗೆ ಸೇರಿದ ಮೇಲೆ ಲವಣಜಲವನ್ನು ಒತ್ತಿದರು. ಬೆರಳು ಸಡಿಲಿಸಿದಾಗ ಒಳಗಿನ ಒತ್ತಡದಿಂದಲೇ ನೀರು ಮರಳಿತು, ಅಕ್ಕಿ ತೊಳೆದ ನೀರಿನಂತೆ ಬೆಳ್ಳಗೆ. ಹೀಗೆ ಹಲವು ಸಲ. ನೋವಿಗಿಂತ ಹೆಚ್ಚಾಗಿ ಒಳಗಿನಿಂದ ಯಾರೋ ತಳ್ಳುವಂತಾಯಿತೆಂದು ಆಕೆ ಹೇಳಿದರು. ಕೊನೆಗೆ ರಜ್ಜುವಿನ ಮೇಲಿನ ಚೀಲಕ್ಕೆ ಸ್ಟಿರಾಯ್ಡ್ ಔಷಧ. ಎಲ್ಲಕ್ಕೂ ಅರ್ಧ ಗಂಟೆ. ಆ ರಾತ್ರಿ ನೋವು ಕೆರಳಿತು. ಮೂರು ವಾರಗಳಲ್ಲಿ ತಗ್ಗಿತು. ನಾಲ್ಕನೆಯ ತಿಂಗಳಿಗೆ ತಾವೇ ಹೆರಳು ಹಾಕಿಕೊಂಡರು. ಸೂಜಿಯಿಂದ ತೊಳೆಯುವ ಉಪಾಯ ಹೊಸದಲ್ಲ. ಅಮೆರಿಕದ ಪ್ಯಾಟರ್ಸನ್ ಮತ್ತು ಡ್ಯಾರಕ್ ಅದನ್ನು 1937ರಲ್ಲೇ ಪ್ರಕಟಿಸಿದ್ದರು. ಒಳಗಣ ಸೂಜಿಯನ್ನು ಕಾಣಿಸುವ ಶಬ್ದ ಅವರಿಗಿರಲಿಲ್ಲ.

ಸುಣ್ಣ ಹೊರಬಂತು, ನೋವು ಹೋಯಿತು. ಆದುದರಿಂದ ತೊಳೆದುದೇ ಗುಣಕ್ಕೆ ಕಾರಣವೆನ್ನೋಣವೆ? ಭೌತವಿಜ್ಞಾನದ ಮೇಷ್ಟರಾದ ನಮಗೆ ಇಲ್ಲಿ ತುಸು ತಡೆಯಬೇಕೆನಿಸುವುದು. ತೊಳೆಯದಿದ್ದರೆ ಏನಾಗುತ್ತಿತ್ತೆಂದು ಒಂದೇ ಭುಜದಿಂದ ತಿಳಿಯದಷ್ಟೆ. ನಾರ್ವೆ, ಸ್ವೀಡನ್‌ಗಳ ವೈದ್ಯರು 220 ರೋಗಿಗಳನ್ನು ಚೀಟಿಯೆತ್ತಿದಂತೆ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ನಿಜವಾಗಿ ತೊಳೆದು ಸ್ಟಿರಾಯ್ಡ್. ಎರಡನೆಯದಕ್ಕೆ ತೊಳೆಯುವ ನಟನೆ ಮತ್ತು ಸ್ಟಿರಾಯ್ಡ್. ಮೂರನೆಯದಕ್ಕೆ ಸ್ಟಿರಾಯ್ಡ್ ಇಲ್ಲದ ಬರಿಯ ನಟನೆ. ಯಾರಿಗೆ ಯಾವುದೆಂದು ರೋಗಿಗಳಿಗೆ ತಿಳಿಸಲಿಲ್ಲ. 2023ರಲ್ಲಿ ಪ್ರಕಟವಾದ ಫಲಿತಾಂಶದಂತೆ, ನಾಲ್ಕು ತಿಂಗಳ ಬಳಿಕ ಮೂರು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ನಟನೆಯ ಗುಂಪಿನವರೂ ಸುಧಾರಿಸಿದ್ದರು. ಇದರಿಂದ ಆ ಗೃಹಿಣಿಯ ನೋವಾಗಲಿ ನೆಮ್ಮದಿಯಾಗಲಿ ಸುಳ್ಳಾಗದು. ಕಾಲ, ಭರವಸೆ, ದೇಹದ ಸ್ವಂತ ದುರಸ್ತಿ ಇವೂ ಲೆಕ್ಕದಲ್ಲಿರುವುವೆಂದಷ್ಟೇ ಅರ್ಥ. ದುಡ್ಡು ಹೊಂದಿಸಿಕೊಂಡು ಪಟ್ಟಣಕ್ಕೆ ಹೋಗುವ ಮುನ್ನ ರೋಗಿಗಳಿಗೆ ಈ ಮಾತನ್ನು ತಿಳಿಸುವುದು ನ್ಯಾಯವೆಂದು ನಮ್ಮ ಅಭಿಪ್ರಾಯ.

ನೋವಿಲ್ಲದವರ ಭುಜದಲ್ಲಿಯೂ ಸುಣ್ಣವಿರುವುದುಂಟು. ಅಮೆರಿಕದ ಬಾಸ್‌ವರ್ತ್ 1941ರಲ್ಲಿ ಆರು ಸಾವಿರಕ್ಕೂ ಹೆಚ್ಚು ನೌಕರರನ್ನು ಪರೀಕ್ಷಿಸಿ ನೂರಕ್ಕೆ 2.7ರಷ್ಟು ಜನರಲ್ಲಿ ಅದನ್ನು ಕಂಡರು; ಅವರಲ್ಲಿ ಬಹುಮಂದಿಗೆ ಯಾವ ತೊಂದರೆಯೂ ಇರಲಿಲ್ಲ. ನಮ್ಮ ಗೃಹಿಣಿಯ ಎಡಭುಜದ ಮೇಲೆ ಶೋಧಕವನ್ನಿಟ್ಟಾಗ ಅಲ್ಲಿಯೂ ಒಂದು ಪುಟ್ಟ ಬಿಳಿ ಚುಕ್ಕೆ ಹೊಳೆಯಿತು. ಆ ತೋಳು ಅವರನ್ನು ಎಂದೂ ಕಾಡಿದ್ದಿಲ್ಲ. ವೈದ್ಯರು ಅದರ ಗೊಡವೆಗೆ ಹೋಗದೆ ಲೋಳೆಯನ್ನು ಒರೆಸಿ ಕಳುಹಿಸಿದರು.