ಗಣಕಯಂತ್ರದ ದಾನ ಮತ್ತು ಶಿಕ್ಷಕರ ಸಿದ್ಧತೆ

ಕುಂದಾಪುರ, ಬೈಂದೂರು ಹಾಗೂ ಬ್ರಹ್ಮಾವರ ತಾಲೂಕುಗಳಲ್ಲಿ ಊರಿನ ಶಾಲೆಗೆ ಕೈಲಾದುದನ್ನು ಕೊಡುವ ಪರಂಪರೆ ಹಳೆಯದು. ಬೆಂಗಳೂರು, ಮುಂಬಯಿಗಳಲ್ಲಿ ಹೋಟೆಲು ಉದ್ಯಮ ನಡೆಸುವವರು, ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವವರು, ಸ್ಥಳೀಯ ವರ್ತಕರು, ಹಳೆ ವಿದ್ಯಾರ್ಥಿ ಸಂಘಗಳು ಇದರಲ್ಲಿ ಸದಾ ಮುಂದು. ಹಿಂದೆ ಬೆಂಚು, ಡೆಸ್ಕು, ರಂಗಮಂಟಪ, ನೀರಿನ ಟ್ಯಾಂಕುಗಳ ರೂಪದಲ್ಲಿ ಬರುತ್ತಿದ್ದ ಕೊಡುಗೆ ಕಳೆದ ಎರಡು ದಶಕಗಳಲ್ಲಿ ಕಂಪ್ಯೂಟರ್, ಪ್ರೊಜೆಕ್ಟರ್, ಸ್ಮಾರ್ಟ್ ಬೋರ್ಡ್‌ಗಳ ರೂಪ ತಾಳಿದೆ. ಆದರೆ ವಾರ್ಷಿಕೋತ್ಸವದ ಧನ್ಯವಾದ ಸಮರ್ಪಣೆ ಮುಗಿದ ಬಳಿಕ ಆ ಯಂತ್ರಗಳ ಗತಿ ಏನಾಗುತ್ತದೆ ಎಂಬುದು ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಯಂತ್ರವು ಪಾಠವಾಗಿ ಪರಿವರ್ತನೆಗೊಳ್ಳುವುದು ಶಿಕ್ಷಕರ ಕೈಯಲ್ಲಿ. ಅವರ ಸಿದ್ಧತೆಗೆ ಏನನ್ನೂ ತೆಗೆದಿರಿಸದ ದಾನವು ಅಪೂರ್ಣವೆಂದೇ ಹೇಳಬೇಕಾಗುತ್ತದೆ.

ಎರಡು ರಾಜ್ಯಗಳ ಅನುಭವ

ಕರ್ನಾಟಕವು 2001-02ರಲ್ಲಿ 'ಮಾಹಿತಿ ಸಿಂಧು' ಯೋಜನೆಯ ಮೂಲಕ 1000 ಸರಕಾರಿ ಪ್ರೌಢಶಾಲೆಗಳಿಗೆ ಗಣಕ ಶಿಕ್ಷಣವನ್ನು ಒಯ್ಯಲು ಮುಂದಾಯಿತು. ಯಂತ್ರಗಳನ್ನೂ ಬೋಧಕರನ್ನೂ ಖಾಸಗಿ ಸಂಸ್ಥೆಗಳು ಗುತ್ತಿಗೆಯ ಮೇಲೆ ಒದಗಿಸಿದವು. 2004ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರವು ಶಾಲೆಗಳಿಗಾಗಿ ಮಾಹಿತಿ ಸಂವಹನ ತಂತ್ರಜ್ಞಾನ ಯೋಜನೆಯನ್ನು ಆರಂಭಿಸಿದ ಮೇಲೂ ಸಂಸ್ಥೆಯೇ ಪ್ರಯೋಗಾಲಯ ಸ್ಥಾಪಿಸಿ, ಕೆಲವು ವರ್ಷ ನಡೆಸಿ, ಬಳಿಕ ಶಾಲೆಗೆ ಬಿಟ್ಟುಕೊಡುವ ಪದ್ಧತಿ ಮುಂದುವರಿಯಿತು. ಇದರ ಪರಿಣಾಮವಾಗಿ ಕಂಪ್ಯೂಟರ್ ಎಂಬುದು ಪ್ರತ್ಯೇಕ ಕೊಠಡಿಯಲ್ಲಿ ಪ್ರತ್ಯೇಕ ವ್ಯಕ್ತಿ ಕಲಿಸುವ ಪ್ರತ್ಯೇಕ ವಿಷಯವಾಯಿತು. ಗಣಿತ, ವಿಜ್ಞಾನ, ಸಮಾಜ ಬೋಧಿಸುವ ಶಿಕ್ಷಕರು ಆ ಕೊಠಡಿಯ ಹೊರಗೇ ಉಳಿದರು. ಗುತ್ತಿಗೆಯ ಅವಧಿ ಮುಗಿದಾಗ ಬೋಧಕರು ನಿರ್ಗಮಿಸಿದರು. ಯಂತ್ರಗಳು ಮಾತ್ರ ಉಳಿದವು.

ಅದೇ ಕಾಲಘಟ್ಟದಲ್ಲಿ ನೆರೆಯ ಕೇರಳವು 'ಐಟಿ@ಸ್ಕೂಲ್' ಯೋಜನೆಯಲ್ಲಿ ಬೇರೆ ಹಾದಿ ಹಿಡಿಯಿತು. ಶಾಲೆಯ ಶಿಕ್ಷಕರಿಗೇ ತರಬೇತಿ ನೀಡಿ, ಅವರಲ್ಲೊಬ್ಬರನ್ನು ಐಟಿ ಸಂಯೋಜಕರನ್ನಾಗಿ ನೇಮಿಸಲಾಯಿತು. ಪರವಾನಗಿ ಶುಲ್ಕವಿಲ್ಲದ ಮುಕ್ತ ತಂತ್ರಾಂಶಗಳನ್ನು ಅಳವಡಿಸಿಕೊಳ್ಳಲಾಯಿತು. ಈ ವಿಷಯದ ಪಠ್ಯಪುಸ್ತಕಗಳು ಕನ್ನಡದಲ್ಲೂ ಹೊರಬಂದುದರಿಂದ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೂ ಅದರ ಪ್ರಯೋಜನ ದೊರೆಯಿತು. ಈ ಯೋಜನೆಯು 2017ರಲ್ಲಿ 'ಕೈಟ್' ಎಂಬ ಸರಕಾರಿ ಕಂಪೆನಿಯಾಗಿ ರೂಪಾಂತರಗೊಂಡಿತು. 2018ರಲ್ಲಿ 45,000 ತರಗತಿಗಳನ್ನು ಹೈಟೆಕ್ ಮಾಡುವ ಕಾರ್ಯಕ್ರಮ ಚಾಲನೆ ಪಡೆದಾಗ ಅದನ್ನು ಬಳಸಬಲ್ಲ ಶಿಕ್ಷಕ ಬಳಗವೂ ಅಲ್ಲಿ ಮೊದಲೇ ಸಿದ್ಧವಾಗಿತ್ತು. ಪ್ರಯೋಗಾಲಯದ ಬೀಗದ ಕೈ ಯಾರ ಬಳಿ ಇತ್ತು ಎಂಬುದೇ ಎರಡು ಮಾದರಿಗಳ ನಡುವಿನ ಮುಖ್ಯ ಅಂತರ.

ಕರ್ನಾಟಕವೂ ಈ ಪಾಠವನ್ನು ಕಲಿತಿದೆ. ಶಿಕ್ಷಕರೇ ಕನ್ನಡದಲ್ಲಿ ಬೋಧನ ಸಾಮಗ್ರಿ ರಚಿಸಿ ಹಂಚಿಕೊಳ್ಳುವ 'ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು' ಜಾಲತಾಣ ರೂಪುಗೊಂಡಿತು. 2016-17ರಲ್ಲಿ ಆರಂಭವಾದ ತಂತ್ರಜ್ಞಾನ ಆಧಾರಿತ ಕಲಿಕಾ ಕಾರ್ಯಕ್ರಮವು ವಿಷಯ ಶಿಕ್ಷಕರಿಗೇ ತರಬೇತಿ ನೀಡುವತ್ತ ಗಮನ ಹರಿಸಿತು.

ಗುಂಡಿ ಒತ್ತುವುದಷ್ಟೇ ಕೌಶಲವಲ್ಲ

ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿದ್ದ ಪುಣ್ಯ ಮಿಶ್ರ ಮತ್ತು ಮ್ಯಾಥ್ಯೂ ಕೋಹ್ಲರ್ 2006ರಲ್ಲಿ ಪ್ರಕಟಿಸಿದ ಚೌಕಟ್ಟೊಂದು ಈ ಕ್ಷೇತ್ರದಲ್ಲಿ ಪ್ರಸಿದ್ಧವಾಗಿದೆ. ವಿಷಯದ ಜ್ಞಾನ, ಬೋಧನ ವಿಧಾನದ ಜ್ಞಾನ, ತಂತ್ರಜ್ಞಾನದ ಜ್ಞಾನ ಈ ಮೂರೂ ಕೂಡಿದಾಗಲೇ ಪಾಠ ಫಲಿಸುತ್ತದೆ ಎಂಬುದು ಅದರ ಸಾರ. ಪ್ರೊಜೆಕ್ಟರ್ ಚಾಲೂ ಮಾಡಲು ಒಂದು ಗಂಟೆಯಲ್ಲಿ ಕಲಿಯಬಹುದು. ಯಾವ ಪಾಠದ ಯಾವ ಘಟ್ಟದಲ್ಲಿ ಅದನ್ನು ಬಳಸಬೇಕು, ಯಾವಾಗ ಬಳಸಬಾರದು ಎಂಬ ವಿವೇಕಕ್ಕೆ ಅಭ್ಯಾಸ ಬೇಕು.

ಉದಾಹರಣೆಗೆ, 'ಜಿಯೋಜೀಬ್ರಾ' ಎಂಬ ಉಚಿತ ತಂತ್ರಾಂಶದಲ್ಲಿ ತ್ರಿಭುಜದ ಒಂದು ಶೃಂಗವನ್ನು ಎಳೆದಾಡಿದರೆ ಆಕೃತಿ ಬದಲಾಗುತ್ತದೆ, ಕೋನಗಳ ಮೊತ್ತ ಮಾತ್ರ 180 ಡಿಗ್ರಿಯಲ್ಲೇ ನಿಲ್ಲುತ್ತದೆ. ಕಪ್ಪುಹಲಗೆಯ ಮೇಲಿನ ಸ್ಥಿರ ಚಿತ್ರಕ್ಕೆ ಇದು ಸಾಧ್ಯವಿಲ್ಲ. ನೊಬೆಲ್ ಪುರಸ್ಕೃತ ವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ 'ಫೆಟ್' ಯೋಜನೆಯ ಹಲವು ಅನುಕರಣ ಪ್ರಯೋಗಗಳು ಕನ್ನಡದಲ್ಲೂ ಲಭ್ಯವಿವೆ. ತಂತಿಯನ್ನು ತಪ್ಪಾಗಿ ಜೋಡಿಸಿದರೂ ಅಲ್ಲಿ ಬಲ್ಬು ನಿಜವಾಗಿ ಸುಡುವುದಿಲ್ಲ. ಮಗು ತಪ್ಪು ಮಾಡಿಯೇ ಕಲಿಯಬಹುದು. ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ, ನಡುವೆ ಹೆದ್ದಾರಿ ಇರುವ ಮರವಂತೆಯನ್ನೋ ಗಂಗೊಳ್ಳಿಯ ಅಳಿವೆಯನ್ನೋ ಉಪಗ್ರಹ ನಕ್ಷೆಯಲ್ಲಿ ತೋರಿಸಿದರೆ ಭೂಗೋಳದ ಪಾಠವು ಮಗು ನಡೆದಾಡಿದ ನೆಲದಿಂದಲೇ ಆರಂಭವಾಗುತ್ತದೆ. ಆದರೆ ಬೀಜ ಮೊಳೆಯುವುದನ್ನು ಪರದೆಯ ಮೇಲೆ ತೋರಿಸುವ ಅಗತ್ಯವಿಲ್ಲ. ಅದಕ್ಕೆ ಶಾಲೆಯ ಕೈತೋಟವೇ ಸಾಕು.

ಕರಾವಳಿಯ ವಾಸ್ತವ

ಈ ಮೂರು ತಾಲೂಕುಗಳಲ್ಲಿ ಯಂತ್ರಗಳ ನಿರ್ವಹಣೆಯೂ ಸುಲಭವಲ್ಲ. ಮಳೆಗಾಲದ ವಿದ್ಯುತ್ ವ್ಯತ್ಯಯ, ಮಳೆಯ ಮೊದಲು ಹಾಗೂ ಅನಂತರದ ಸಿಡಿಲು, ಕಡಲ ತಡಿಯ ಉಪ್ಪಿನ ಗಾಳಿ ಇವೆಲ್ಲವೂ ಉಪಕರಣಗಳ ಆಯುಷ್ಯವನ್ನು ಕುಗ್ಗಿಸುತ್ತವೆ. ಘಟ್ಟದ ಬುಡದ ಹಳ್ಳಿಗಳಲ್ಲಿ ಮೊಬೈಲ್ ಸಂಕೇತ ದುರ್ಬಲ. 2020ರಲ್ಲಿ ಶಾಲೆಗಳು ಮುಚ್ಚಿದಾಗ ಈ ಕೊರತೆ ಎಲ್ಲರ ಅನುಭವಕ್ಕೆ ಬಂತು. ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ತೆರಳುವ 'ವಿದ್ಯಾಗಮ', ಚಂದನ ವಾಹಿನಿಯ ದೂರದರ್ಶನ ಪಾಠಗಳು ಆಗ ಆಸರೆಯಾದವು. ಆದುದರಿಂದ ಅಂತರ್ಜಾಲವನ್ನೇ ನೆಚ್ಚದೆ, ಮೊದಲೇ ಇಳಿಸಿಕೊಂಡು ಪೆನ್ ಡ್ರೈವ್‌ನಲ್ಲಿರಿಸಿದ ಸಾಮಗ್ರಿಯಿಂದ ಪಾಠ ನಡೆಸುವ ಕ್ರಮವನ್ನು ಶಿಕ್ಷಕರಿಗೆ ರೂಢಿ ಮಾಡಿಸುವುದು ಇಲ್ಲಿಗೆ ಸೂಕ್ತ.

ಇನ್ನೊಂದು ತೊಡಕು ಸಮಯದ್ದು. ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಒಬ್ಬರು ಅಥವಾ ಇಬ್ಬರು ಶಿಕ್ಷಕರು ಹಲವು ತರಗತಿಗಳನ್ನು ಒಟ್ಟಿಗೆ ನಿರ್ವಹಿಸುತ್ತಾರೆ. ಬಿಸಿಯೂಟದ ಲೆಕ್ಕ, ವಿದ್ಯಾರ್ಥಿಗಳ ಮಾಹಿತಿಯನ್ನು ಜಾಲತಾಣಕ್ಕೆ ಏರಿಸುವ ಕೆಲಸ ಇವೂ ಅವರ ಪಾಲಿಗೇ ಬಂದಿವೆ. ತಂತ್ರಜ್ಞಾನವು ಅನೇಕ ಶಿಕ್ಷಕರಿಗೆ ಮೊದಲು ಪರಿಚಯವಾದುದು ಕಚೇರಿಯ ಹೊರೆಯಾಗಿ. ಅದು ಬೋಧನೆಯ ಶ್ರಮವನ್ನು ಹಗುರಗೊಳಿಸಬಲ್ಲುದೆಂಬ ನಂಬಿಕೆ ಹುಟ್ಟಬೇಕಾದರೆ ಜತೆಗಾರರ ನೆರವು ಬೇಕು.

ಪಿಗ್ಮಿ ಮಾದರಿಯ ತರಬೇತಿ

ಉಡುಪಿಯಲ್ಲಿ ಜನಿಸಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ, ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಲ್ಲಿ ಸಂಗ್ರಹಿಸಿ ಉಳಿತಾಯವನ್ನು ಅಭ್ಯಾಸವಾಗಿಸಿತು. 2020ರಲ್ಲಿ ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನಗೊಂಡರೂ ಪಿಗ್ಮಿಯ ತತ್ತ್ವ ಈ ಭಾಗದ ವರ್ತಕರಿಗೆ ಚಿರಪರಿಚಿತ. ಶಿಕ್ಷಕರ ತರಬೇತಿಗೂ ಅದೇ ತತ್ತ್ವ ಒಪ್ಪುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪ್ರತಿಯೊಬ್ಬ ಶಿಕ್ಷಕರಿಗೆ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿ ಬೆಳವಣಿಗೆಯ ಅವಕಾಶವನ್ನು ನಿರೀಕ್ಷಿಸುತ್ತದೆ. 40 ವಾರಗಳಿಗೆ ಹಂಚಿದರೆ ಇದು ವಾರಕ್ಕೆ ಒಂದೂಕಾಲು ಗಂಟೆ ಮಾತ್ರ. ಒಂದೇ ಪಟ್ಟಿನ ಶಿಬಿರದಲ್ಲಿ ಕೇಳಿ ಮರೆಯುವುದಕ್ಕಿಂತ, ಸಮೂಹ ಸಂಪನ್ಮೂಲ ಕೇಂದ್ರದಲ್ಲಿ ಒಬ್ಬ ಶಿಕ್ಷಕರು ಪಾಠ ಮಾಡಿ ತೋರಿಸುವುದು, ಉಳಿದವರು ಅದನ್ನು ತಮ್ಮ ತರಗತಿಯಲ್ಲಿ ಪ್ರಯೋಗಿಸಿ ಮುಂದಿನ ಭೇಟಿಯಲ್ಲಿ ಅನುಭವ ಹೇಳುವುದು ಹೆಚ್ಚು ಫಲಕಾರಿ.

ಆರಂಭವು ಕನ್ನಡ ಬೆರಳಚ್ಚಿನಿಂದಲೇ ಆಗಬಹುದು. 'ನುಡಿ' ತಂತ್ರಾಂಶ ಬಳಸುವ ಕೀಲಿಮಣೆ ವಿನ್ಯಾಸದ ಮೂಲ ಕರಾವಳಿಯವರೇ ಆದ ಕೆ.ಪಿ. ರಾವ್ ಅವರದು. ತನ್ನ ಪ್ರಶ್ನೆಪತ್ರಿಕೆಯನ್ನು ತಾನೇ ಕನ್ನಡದಲ್ಲಿ ಸಿದ್ಧಪಡಿಸಬಲ್ಲ ಶಿಕ್ಷಕರಿಗೆ ಯಂತ್ರದ ಅಳುಕು ಅರ್ಧ ಕಳೆದಂತೆಯೇ.

ಉದ್ಯಮಿಗಳು ಮಾಡಬಹುದಾದುದು

1. ಉಪಕರಣ ಕೊಡುವ ಮೊದಲು ಮುಖ್ಯೋಪಾಧ್ಯಾಯರು, ವಿಷಯ ಶಿಕ್ಷಕರು ಹಾಗೂ ಎಸ್‌ಡಿಎಂಸಿಯೊಡನೆ ಸಮಾಲೋಚಿಸಿ, ಯಾವ ಪಾಠಗಳಿಗೆ ಏನು ಬೇಕೆಂದು ತಿಳಿದುಕೊಳ್ಳಬೇಕು.

2. ಕೊಡುಗೆಯ ಮೊತ್ತದಲ್ಲಿ ಮೂರನೆಯ ಒಂದು ಭಾಗವನ್ನಾದರೂ ತರಬೇತಿ, ದುರಸ್ತಿ, ಬ್ಯಾಟರಿ ಬದಲಾವಣೆಗಳಿಗೆ ಮೀಸಲಿಡುವುದು ಲೇಸು.

3. ಕಂಪ್ಯೂಟರ್ ಮಾರಾಟ ಮತ್ತು ದುರಸ್ತಿಯ ಮಳಿಗೆಗಳು ತಲಾ ಒಂದೆರಡು ಶಾಲೆಗಳ ಹೊಣೆ ಹೊತ್ತು, ಪ್ರತಿವರ್ಷ ಮಳೆಗಾಲಕ್ಕೆ ಮೊದಲು ಅರ್ತಿಂಗ್, ಯುಪಿಎಸ್‌ಗಳನ್ನು ಪರೀಕ್ಷಿಸಿಕೊಡಬಹುದು.

4. ಕಚೇರಿಗಳಲ್ಲಿ ಬದಲಾಯಿಸಿದ, ಆದರೆ ಸುಸ್ಥಿತಿಯಲ್ಲಿರುವ ಯಂತ್ರಗಳಿಂದ ವ್ಯವಹಾರದ ಮಾಹಿತಿಯನ್ನು ಸಂಪೂರ್ಣ ಅಳಿಸಿ, ಮುಕ್ತ ತಂತ್ರಾಂಶ ಅಳವಡಿಸಿ ಕೊಡಬಹುದು. ಕೆಟ್ಟ ಯಂತ್ರವನ್ನು ಶಾಲೆಗೆ ಸಾಗಹಾಕುವುದು ದಾನವಾಗದು.

5. 2013ರ ಕಂಪೆನಿ ಕಾಯಿದೆಯ 135ನೇ ಕಲಮಿನ ವ್ಯಾಪ್ತಿಗೆ ಬರುವ ಕಂಪೆನಿಗಳು ಶಿಕ್ಷಣಕ್ಕೆ ವಿನಿಯೋಗಿಸುವ ಹಣವನ್ನು ಶಿಕ್ಷಕರ ತರಬೇತಿಗೂ ಬಳಸಬಹುದು. ಆ ವ್ಯಾಪ್ತಿಗೆ ಬಾರದ ಸಣ್ಣ ಉದ್ಯಮಿಗಳು ನಾಲ್ಕಾರು ಮಂದಿ ಸೇರಿ ಒಂದು ಸಮೂಹದ ಶಾಲೆಗಳಿಗೆ ನೆರವಾಗಬಹುದು.

ಉಡುಪಿ ಜಿಲ್ಲೆಯು 2018 ಹಾಗೂ 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ರಾಜ್ಯಕ್ಕೆ ಪ್ರಥಮ ಸ್ಥಾನ ಗಳಿಸಿದೆ. ಇಲ್ಲಿನ ಶಿಕ್ಷಕರ ನಿಷ್ಠೆಯ ಬಗ್ಗೆ ಸಂದೇಹವಿಲ್ಲ. ಗೇರುಬೀಜ ಕಾರ್ಖಾನೆ, ಮತ್ಸ್ಯೋದ್ಯಮ, ಹೋಟೆಲು, ಸಹಕಾರಿ ಸಂಘಗಳಿಗೆ ನಾಳೆ ಕೆಲಸಕ್ಕೆ ಬರುವವರೂ ಈ ತರಗತಿಗಳಲ್ಲೇ ಕುಳಿತಿದ್ದಾರೆ. ಮುಂದಿನ ವಾರ್ಷಿಕೋತ್ಸವದಲ್ಲಿ ದಾನಿಗಳ ಸನ್ಮಾನಕ್ಕೆ ಮೊದಲು ಹತ್ತು ನಿಮಿಷಗಳ ಒಂದು ಮಾದರಿ ಪಾಠಕ್ಕೆ ಅವಕಾಶ ಕಲ್ಪಿಸಿದರೆ, ಕೊಟ್ಟ ಯಂತ್ರ ಎಷ್ಟರಮಟ್ಟಿಗೆ ಸಾರ್ಥಕವಾಗಿದೆ ಎಂಬುದು ದಾನಿಗಳಿಗೂ ಊರವರಿಗೂ ಒಟ್ಟಿಗೇ ತಿಳಿಯುತ್ತದೆ.