“ಜೇನಿನಷ್ಟು ಗಟ್ಟಿ” ಎಂದರೆ ಎಷ್ಟು?

ಪಾನೀಯವೊಂದನ್ನು ಜೇನಿನಷ್ಟು ಗಟ್ಟಿಯಾಗಿ ಕಲಸಿಕೊಡಿರೆಂದು ಯಾರಾದರೂ ಹೇಳಿದರೆ ನಾವೇನು ಮಾಡಬೇಕು? ಮಾಗಿಯ ಮುಂಜಾವಿನಲ್ಲಿ ಸೀಸೆಯಿಂದ ಇಳಿಯಲೊಲ್ಲದ ಜೇನು, ಬೇಸಗೆಯ ನಡುಹಗಲಿನಲ್ಲಿ ಸರಾಗವಾಗಿ ಹರಿಯುತ್ತದೆ. ನೀರಿನಂಶ ಹೆಚ್ಚಾದ ಜೇನು ತೆಳು, ಕಡಮೆಯಾದದ್ದು ಗಟ್ಟಿ. ಹೀಗಿರುವಾಗ ಜೇನನ್ನೇ ಅಳತೆಗೋಲಾಗಿ ಹಿಡಿಯುವುದು ರಬ್ಬರಿನ ಪಟ್ಟಿಯಿಂದ ಬಟ್ಟೆ ಅಳೆದಂತೆ. ಆದರೂ ಅಮೆರಿಕದ ಸಂಯುಕ್ತ ಸಂಸ್ಥಾನಗಳ ಶುಶ್ರೂಷಾಲಯಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ಮಾತು ಇದೇ. ಒಬ್ಬ ಮನುಷ್ಯನ ಪ್ರಾಣವು ಇಂತಹ ಒಂದು ಮಾತನ್ನು ಅವಲಂಬಿಸಿರಬಹುದೆಂದರೆ ವಾಚಕರಿಗೆ ಆಶ್ಚರ್ಯವಾದೀತು.

ನಮ್ಮಲ್ಲಿ ನರ್ಸಿಂಗ್ ಹೋಂ ಎಂದರೆ ಚಿಕ್ಕದೊಂದು ಖಾಸಗಿ ಆಸ್ಪತ್ರೆ. ಅಮೆರಿಕದಲ್ಲಿ ಆ ಹೆಸರು, ತಮ್ಮ ಕೆಲಸವನ್ನು ತಾವೇ ಮಾಡಿಕೊಳ್ಳಲಾರದ ವೃದ್ಧರೂ ರೋಗಿಗಳೂ ತಿಂಗಳುಗಟ್ಟಲೆ, ವರ್ಷಗಟ್ಟಲೆ ವಾಸಿಸುವ ಮನೆಗೆ ಸಲ್ಲುತ್ತದೆ. ಅಲ್ಲಿ ಪಥ್ಯವೂ ಔಷಧದಂತೆಯೇ. ವೈದ್ಯರು, ಅಥವಾ ಅವರಿಂದ ಅಧಿಕಾರ ಪಡೆದ ಆಹಾರತಜ್ಞರು, ಅದನ್ನು ಬರೆದು ಗೊತ್ತುಪಡಿಸಬೇಕು. ಆ ಬರೆಹವು ದಾದಿಯ ಕೈಗೆ, ಅಲ್ಲಿಂದ ಅಡಿಗೆಮನೆಗೆ, ಕಡೆಗೆ ತುತ್ತು ಉಣಿಸುವ ಸಹಾಯಕಿಯ ಕೈಗೆ ಸಾಗುತ್ತದೆ. ಪಾಳಿ ಬದಲಾದಂತೆಲ್ಲ ಜನರೂ ಬದಲಾಗುತ್ತಾರೆ. ಪರಸ್ಪರ ಮುಖ ಕಾಣದ ಇಷ್ಟು ಜನರನ್ನು ಕೂಡಿಸುವ ಸೂತ್ರವು ದಾಖಲೆಯೊಂದೇ.

ಪಾನೀಯವನ್ನು ಗಟ್ಟಿಮಾಡುವ ಅಗತ್ಯವೇನು? ನಮ್ಮ ಗಂಟಲು ಅನ್ನಕ್ಕೂ ಉಸಿರಿಗೂ ಸಮಾನವಾದ ಹಾದಿ. ನುಂಗುವ ಕ್ಷಣದಲ್ಲಿ ಶ್ವಾಸನಾಳದ ಬಾಗಿಲು ಮುಚ್ಚಿಕೊಳ್ಳುತ್ತದೆ. ಪಾರ್ಶ್ವವಾಯು, ಪಾರ್ಕಿನ್‌ಸನ್ ರೋಗ, ಮುಪ್ಪಿನ ಮರೆವು ಇವುಗಳಿಂದ ಬಳಲುವವರಲ್ಲಿ ಈ ಬಾಗಿಲು ತಡವಾಗಿ ಮುಚ್ಚುವುದುಂಟು. ನೀರು ಅಷ್ಟರೊಳಗೆ ಧಾವಿಸಿ ಪುಪ್ಪುಸವನ್ನು ಸೇರಬಹುದು. ಅದರಿಂದ ನ್ಯುಮೋನಿಯ ಉಂಟಾಗಬಹುದು. ಕೆಲವರಿಗೆ ಕೆಮ್ಮು ಕೂಡ ಬಾರದೆ ಅಪಾಯವು ಗುಪ್ತವಾಗಿಯೇ ನಡೆದುಹೋಗುತ್ತದೆ. ಗಟ್ಟಿಮಾಡಿದ ದ್ರವ ನಿಧಾನವಾಗಿ ಚಲಿಸಿ ಸ್ನಾಯುಗಳಿಗೆ ಕಾಲಾವಕಾಶ ಕೊಡುತ್ತದೆ. ಆದರೆ ಅತಿಯಾಗಿ ಗಟ್ಟಿಯಾದರೆ ಅದು ಗಂಟಲಲ್ಲೇ ಉಳಿಯಬಹುದು. ಆದುದರಿಂದ ಹೆಚ್ಚೂ ಕೂಡದು, ಕಡಮೆಯೂ ಕೂಡದು.

ದ್ರವವು ಹರಿವಿಗೆ ಒಡ್ಡುವ ತಡೆಗೆ ಭೌತಶಾಸ್ತ್ರದಲ್ಲಿ ಸ್ನಿಗ್ಧತೆಯೆಂದು ಹೆಸರು. ಅದರ ಒಂದು ಮಾನವಾದ ಸೆಂಟಿಪಾಯಿಸ್‌ಗೆ ಹೆಸರು ಬಂದದ್ದು, ರಕ್ತಸಂಚಾರವನ್ನು ಅರಿಯಲೆಂದು ಸಣ್ಣ ನಳಿಗೆಗಳಲ್ಲಿ ದ್ರವಗಳ ಹರಿವನ್ನು ಅಳೆದ 19ನೆಯ ಶತಮಾನದ ಫ್ರೆಂಚ್ ವೈದ್ಯ ಪ್ವಾಸೇಯ್‌ನಿಂದ. ಕೋಣೆಯ ಉಷ್ಣತೆಯಲ್ಲಿ ನೀರಿನ ಸ್ನಿಗ್ಧತೆ ಸುಮಾರು 1 ಸೆಂಟಿಪಾಯಿಸ್. 2002ರಲ್ಲಿ ಅಮೆರಿಕದ ಆಹಾರತಜ್ಞರು ಪ್ರಕಟಿಸಿದ ಕ್ರಮದಲ್ಲಿ 351ರಿಂದ 1750 ಸೆಂಟಿಪಾಯಿಸ್‌ವರೆಗಿನ ದ್ರವವನ್ನೆಲ್ಲ ಜೇನಿನಂತಹುದೆಂದು ಕರೆದರು. ಒಂದೇ ಹೆಸರಿನೊಳಗೆ ಐದು ಪಟ್ಟು ಅಂತರ!

ಇನ್ನೊಂದು ತೊಡಕೂ ಇತ್ತು. ಸಾಮಾನ್ಯವಾಗಿ ಜೇನನ್ನು ಮೆಲ್ಲನೆ ಕಲಕಲಿ, ಬಿರುಸಾಗಿ ಕಲಕಲಿ, ಸ್ನಿಗ್ಧತೆ ಅಷ್ಟೇ. ಕ್ಸಾಂಥಾನ್ ಗೋಂದಿನಿಂದ ಗಟ್ಟಿಮಾಡಿದ ಪಾನೀಯವಾದರೋ ಬಿರುಸಾಗಿ ಕಲಕಿದಷ್ಟೂ ತೆಳುವಾಗುತ್ತದೆ. ಪಿಷ್ಟದಿಂದ ಗಟ್ಟಿಮಾಡಿದ್ದು ಜೊಲ್ಲಿನ ಅಮೈಲೇಸ್ ಸೋಂಕಿದೊಡನೆ ಸಡಿಲಗೊಳ್ಳುತ್ತದೆ. ಇವುಗಳ ಸ್ನಿಗ್ಧತೆಯನ್ನು ಸರಿಯಾಗಿ ಅಳೆಯಲು ಬೆಲೆಯುಳ್ಳ ಯಂತ್ರ ಬೇಕು. ಅಡಿಗೆಮನೆಯಲ್ಲಿ ಅದೆಲ್ಲಿಂದ ಬರಬೇಕು?

2013ರಲ್ಲಿ ಆರಂಭವಾದ ತಜ್ಞರ ಅಂತರರಾಷ್ಟ್ರೀಯ ತಂಡವೊಂದು ಇದಕ್ಕೆ ಸರಳವಾದ ಉಪಾಯವನ್ನು ಮುಂದಿಟ್ಟಿತು. ಸೊನ್ನೆಯಿಂದ 10ರ ಗುರುತಿನವರೆಗೆ 61.5 ಮಿಲಿಮೀಟರ್ ಉದ್ದವಿರುವ 10 ಮಿಲಿಲೀಟರಿನ ಸಿರಿಂಜನ್ನು ತೆಗೆದುಕೊಳ್ಳಬೇಕು. ಒತ್ತುಕೋಲನ್ನು ಕಳಚಿ, ತುದಿಯನ್ನು ಬೆರಳಿನಿಂದ ಮುಚ್ಚಿ, ಪಾನೀಯವನ್ನು ತುಂಬಬೇಕು. ಬೆರಳು ತೆಗೆದು 10 ಸೆಕೆಂಡು ಹರಿಯಬಿಟ್ಟು, ಮತ್ತೆ ಮುಚ್ಚಿ, ಉಳಿದುದನ್ನು ಓದಬೇಕು. 1 ಮಿಲಿಲೀಟರಿಗಿಂತ ಕಡಮೆ ಉಳಿದರೆ ಮಟ್ಟ 0. 1ರಿಂದ 4ರವರೆಗೆ ಮಟ್ಟ 1. 4ರಿಂದ 8ರವರೆಗೆ ಮಟ್ಟ 2. 8ಕ್ಕೆ ಮೇಲೆ ಮಟ್ಟ 3. ಸ್ವಲ್ಪವೂ ಹರಿಯದಿದ್ದರೆ ಮಟ್ಟ 4. ಘನಾಹಾರಕ್ಕೂ ಇಂತಹ ಅಳತೆಗಳುಂಟು. ಮಟ್ಟ 5ರಲ್ಲಿ ವಯಸ್ಕರ ಆಹಾರದ ಚೂರು 4 ಮಿಲಿಮೀಟರಿಗಿಂತ ಅಗಲವಿರಕೂಡದು. ಸಾಮಾನ್ಯ ಮುಳ್ಳುಚಮಚದ ಹಲ್ಲುಗಳ ನಡುವಣ ಸಂದು ಸುಮಾರು ಅಷ್ಟೇ ಇರುವುದರಿಂದ ಅದೇ ಅಳತೆಗೋಲಾಗುತ್ತದೆ. 2021ರ ಅಕ್ಟೋಬರಿನಿಂದ ಅಮೆರಿಕದ ಆಹಾರತಜ್ಞರ ಸಂಘದ ಕೈಪಿಡಿಯು ಈ ಕ್ರಮವೊಂದನ್ನೇ ಮಾನ್ಯಮಾಡಿತು.

ವಿದ್ಯಾರ್ಥಿಗಳು ಸೋಸಿದ ರಾಗಿಗಂಜಿಯಿಂದ ಇದನ್ನು ಪರೀಕ್ಷಿಸಬಹುದು. ಉಗುರುಬೆಚ್ಚಗಿದ್ದಾಗ ಒಮ್ಮೆ, ಆರಿದ ಮೇಲೆ ಒಮ್ಮೆ ಅಳೆದು ನೋಡಿ. ಆರಿದ ಗಂಜಿಯೇ ಸಿರಿಂಜಿನಲ್ಲಿ ಹೆಚ್ಚು ಉಳಿಯುತ್ತದೆ. ಬಡಿಸುವ ಉಷ್ಣತೆಯಲ್ಲಿಯೇ ಅಳೆಯಬೇಕೆಂಬ ನಿಯಮದ ಕಾರಣ ಆಗ ತಾನೇ ಹೊಳೆಯುವುದು.

ಪಥ್ಯವನ್ನು ಬರೆದಲ್ಲಿಗೆ ದಾಖಲೆಯ ಕೆಲಸ ಮುಗಿಯದು. ಗಟ್ಟಿ ಪಾನೀಯ ರುಚಿಸದೆ ಮುದುಕರು ಕುಡಿಯುವುದನ್ನೇ ಕಡಮೆ ಮಾಡಿ ಒಣಗಬಹುದು. ಉಪ್ಪಿಲ್ಲದ ಊಟ ಒಗ್ಗದೆ ತಟ್ಟೆ ಹಾಗೆಯೇ ಮರಳಬಹುದು. ಆದುದರಿಂದ ಎಷ್ಟು ಬಡಿಸಿದರೆಂಬುದರ ಜೊತೆಗೆ ಎಷ್ಟು ಒಳಗೆ ಹೋಯಿತೆಂಬುದೂ ಬರೆಹಕ್ಕೆ ಬರಬೇಕು. ಇದಕ್ಕೆ ಸಾಕ್ಷಿ ತಕ್ಕಡಿ. 1987ರ ಶಾಸನದ ಫಲವಾಗಿ ಅಲ್ಲಿ ಜಾರಿಗೆ ಬಂದ ಏಕರೂಪದ ನಮೂನೆಯು, ತೂಕವು ಒಂದು ತಿಂಗಳಲ್ಲಿ ನೂರಕ್ಕೆ 5, ಇಲ್ಲವೆ ಆರು ತಿಂಗಳಲ್ಲಿ ನೂರಕ್ಕೆ 10ರಷ್ಟು ಇಳಿಯಿತೇ ಎಂದು ಕೇಳುತ್ತದೆ. 60 ಕಿಲೋಗ್ರಾಂ ತೂಗುವ ವೃದ್ಧೆ ಒಂದು ತಿಂಗಳಲ್ಲಿ 3 ಕಿಲೋಗ್ರಾಂ ಇಳಿದರೆ ಆ ಪಥ್ಯವನ್ನೇ ಮರುವಿಚಾರಿಸಬೇಕಾಗುತ್ತದೆ. ನಿವಾಸಿಗೆ ಪಥ್ಯವನ್ನು ಬೇಡವೆನ್ನುವ ಹಕ್ಕೂ ಉಂಟು. ಆ ಮಾತಿಗೂ ದಾಖಲೆಯಲ್ಲಿ ಸ್ಥಾನವಿರಬೇಕು.

ಪ್ರಯೋಗಶಾಲೆಯಲ್ಲಿ ಮಾನವನ್ನು ಬರೆಯದೆ ಅಂಕಿಯನ್ನು ಮಾತ್ರ ಬರೆದ ವಿದ್ಯಾರ್ಥಿಗೆ ನಾವು ಅಂಕ ಕಳೆಯುತ್ತೇವೆ. ಅದನ್ನು ಅನೇಕರು ಅಧ್ಯಾಪಕರ ಹಟವೆಂದು ತಿಳಿಯುತ್ತಾರೆ. ನಡುರಾತ್ರಿಯ ಪಾಳಿಗೆ ಹೊಸದಾಗಿ ಬಂದ ಸಹಾಯಕಿಯ ಕೈಯಲ್ಲಿರುವ ಬಟ್ಟಲನ್ನು ನೆನೆದರೆ ಆ ನಿಯಮದ ಅರ್ಥ ತಿಳಿಯುತ್ತದೆ. ಬರೆದವರು ಅವಳ ಬಳಿಯಲ್ಲಿಲ್ಲ, ಮಲಗಿರುವ ವೃದ್ಧ ತಾನಾಗಿ ಹೇಳಲಾರ. ಚೀಟಿಯಲ್ಲಿ “ಮಟ್ಟ 2” ಎಂದಿದ್ದರೆ ಅವಳು ಹತ್ತು ಸೆಕೆಂಡಿನಲ್ಲಿ ಅದನ್ನು ಪರೀಕ್ಷಿಸಿಕೊಳ್ಳಬಲ್ಲಳು.